ಕೂಡೂ ತಿನ್ನದವನು ಆರಿಸಿದ ಬಯಲು

ಸೂರ್ಯ ಇನ್ನೂ ಹುಟ್ಟಿಲ್ಲ. ಮುತಾಂಬೊ ರುಹೋಜು ಮಂಡಿಯೂರಿ ನೆಲ ನೋಡುತ್ತಿದ್ದಾರೆ. ಬಿಳಿಕಲ್ಲು ಬಯಲಿನ ಈ ಮೂಲೆಯಲ್ಲಿ ಮರಳು ತೀರ ತೆಳುವು, ರೊಟ್ಟಿ ತಟ್ಟುವಾಗ ಉದುರಿಸುವ ಹಿಟ್ಟಿನಷ್ಟು. ಅದರ ಮೇಲೆ ಒಂದು ಗೊರಸಿನ ಗುರುತು. ಅವರು ಪಕ್ಕದಲ್ಲಿ ತಮ್ಮ ಕೋಲನ್ನು ಮಲಗಿಸಿ, ಕೋಲಿನ ಮೇಲಿನ ಗೀರಿಗೆ ಹೆಬ್ಬೆರಳಿಟ್ಟು ಅಳೆಯುತ್ತಾರೆ. ಆಮೇಲೆ ಕೆನ್ನೆಯನ್ನು ನೆಲದ ಹತ್ತಿರ ತಂದು, ಬೆಳಕು ಮೂಡುವ ದಿಕ್ಕಿಗೆ ಮುಖ ಮಾಡಿ ಇನ್ನೊಮ್ಮೆ ನೋಡುತ್ತಾರೆ.

ಇಪ್ಪತ್ತು ಹೆಜ್ಜೆ ಹಿಂದೆ ಇಬ್ಬರು ನಿಂತಿದ್ದಾರೆ. ಒಬ್ಬ ಬೇಟೆ ತಂಡದ ಯಜಮಾನ ಹೈನ್. ಇನ್ನೊಬ್ಬ ದೂರದೇಶದಿಂದ ಬಂದ ಅವನ ಅತಿಥಿ. ಅತಿಥಿಯ ಹೆಗಲಲ್ಲಿ ಬಂದೂಕಿದೆ. ಇವತ್ತಿಗೆ ಎಂಟನೆಯ ದಿನ. ಒಂದು ಗುಂಡೂ ಹಾರಿಲ್ಲ.

"ಏನು ಹೇಳುತ್ತೆ?" ಹೈನ್ ಪಿಸುಗುಟ್ಟುತ್ತಾನೆ.

"ಹೇಳೋದಕ್ಕೆ ಅದೇನು ನಿನ್ನ ರೇಡಿಯೋನಾ? ತಡಿ, ಮಾರಾಯ."

ಹತ್ತು ದಿನದ ಬೇಟೆ ಇದು. ಉಳಿದ ದಿನಗಳಲ್ಲಿ ಈ ಬಯಲಿನಲ್ಲಿ ಒಂದು ಮುದಿ ಗಂಡು ಕೂಡೂ, ಸುರುಳಿ ಕೊಂಬಿನ ಆ ದೊಡ್ಡ ಹುಲ್ಲೆ, ಸಿಗದಿದ್ದರೆ, ಹದಿನೆಂಟು ವರ್ಷದಿಂದ ಹಿಡಿದ ಕೋಲನ್ನು, ಅದರ ಜೊತೆ ಬೇಟೆಯ ನೆಲ ಆರಿಸುವ ಹಕ್ಕನ್ನೂ, ಮುತಾಂಬೊ ತಮ್ಮ ಸೋದರತ್ತೆಯ ಮಗ ಅಸ್ಸೇರನ ಕೈಗೆ ಕೊಡಬೇಕು. ಹಾಗೆಂದು ಊರ ಸಭೆಯಲ್ಲಿ, ಎಲ್ಲರೆದುರು, ಅವರೇ ಒಪ್ಪಿಕೊಂಡಿದ್ದಾರೆ.

ನಮೀಬಿಯಾದ ವಾಯವ್ಯ ಮೂಲೆಯ ಕುನೇನೆ ಸೀಮೆಯಲ್ಲಿ ಹೆರೆರೊ ದನಗಾಹಿಗಳ ಏಳು ಹಟ್ಟಿಗಳು ಸೇರಿ ಒಂದು ಕಾಡುಸಂಘ ಕಟ್ಟಿಕೊಂಡಿವೆ. ಸಂಘದ ನೆಲಕ್ಕೆ ಎಲ್ಲೂ ಬೇಲಿಯಿಲ್ಲ. ವರ್ಷಕ್ಕೆ ಇಂತಿಷ್ಟು ಎಂದು ಲೆಕ್ಕ ಹಾಕಿ, ಪ್ರಾಯ ಕಳೆದ ಗಂಡುಗಳನ್ನು ಮಾತ್ರ ಬೇಟೆಗೆ ಬಿಟ್ಟುಕೊಡುತ್ತಾರೆ. ಈ ವರ್ಷ ನಾಲ್ಕೇ ಕೂಡೂ. ಬೇಟೆ ಯಾವ ಕಣಿವೆಯಲ್ಲಿ, ಯಾವ ಬಯಲಿನಲ್ಲಿ ನಡೆಯಬೇಕು ಎಂದು ಆರಿಸುವುದು ಮುತಾಂಬೊ ಅವರ ಕೆಲಸ. ಅತಿಥಿಗಳ ಚಿತ್ರಗಳಲ್ಲಿ ಅವರು ಇರುವುದಿಲ್ಲ. ಚಿತ್ರ ತೆಗೆಯುವ ಹೊತ್ತಿಗೆ ಅವರು ಬೆನ್ನು ತಿರುಗಿಸಿ ಎಲ್ಲೋ ಕೂತಿರುತ್ತಾರೆ.

ಈ ಕೆಲಸ ಅವರಿಗೆ ಬಂದದ್ದು ಕಾಡಿನ ಜಾಣತನಕ್ಕಲ್ಲ, ಹುಟ್ಟಿದ ಮನೆತನಕ್ಕೆ. ಇಲ್ಲಿ ತಂದೆಯ ಕಡೆಯಿಂದ ಬರುವ ಬೆಡಗುಗಳುಂಟು, ಒಂದೊಂದು ಬೆಡಗಿಗೂ ಒಂದೊಂದು ನಿಷೇಧ. ರುಹೋಜು ಮನೆಯವರದು ಕೂಡೂ ಬೆಡಗು. ಅವರು ಕೂಡೂವಿನ ಮಾಂಸ ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಪ್ರಾಣಿ ಯಾರ ನೆಲದಲ್ಲಿ ಬೀಳುತ್ತದೋ ಆ ಹಟ್ಟಿಗೆ ಮೊದಲ ಪಾಲು ಎಂಬುದು ಸಂಘದ ಕಟ್ಟಳೆ. ಹಾಗಾಗಿ ಪ್ರತಿ ಹಟ್ಟಿಯೂ ತನ್ನ ಕಡೆಗೇ ಎಳೆಯುತ್ತಿತ್ತು. ಜಗಳ ಮೂರು ವರ್ಷ ನಡೆಯಿತು. ಕೊನೆಗೆ ಒಬ್ಬ ಮುದುಕಿ ಎದ್ದು, "ತಿನ್ನದವನ ಕೈಲಿ ಆರಿಸಿ, ಪೀಡೆ ತೊಲಗಲಿ," ಎಂದಳು. ತಿನ್ನದವರು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಬಾಗಿಲ ಹತ್ತಿರ ಚಹಾ ಕುಡಿಯುತ್ತ ಮುತಾಂಬೊ ನಿಂತಿದ್ದರು. ಆಗ ಅವರಿಗೆ ನಲವತ್ತು ವರ್ಷ.

"ನಾನು ಹುಟ್ಟಿದ ಮನೇಲಿ ವಾರಗಟ್ಟಲೆ ಕೂಡೂ ಬಾಡು ಒಣಗಿಸಿಡ್ತಿದ್ದರು," ಎನ್ನುತ್ತಾಳೆ ಅವರ ಹೆಂಡತಿ ಆಲ್ವಿನೆ. ಮದುವೆಯಾದ ಹೆಣ್ಣು ಗಂಡನ ಬೆಡಗಿಗೆ ಸೇರುತ್ತಾಳೆ, ಅವನ ನಿಷೇಧ ಅವಳದ್ದೂ ಆಗುತ್ತದೆ. "ಇವನನ್ನ ಕಟ್ಟಿಕೊಂಡೆ, ನಾಲಿಗೆಗೆ ಬೀಗ ಬಿತ್ತು. ಮೂವತ್ತೊಂದು ವರ್ಷ. ಈಗಲೂ ಗಾಳೀಲಿ ವಾಸನೆ ಬಂದ್ರೆ ಯಾವ ತೊಡೆ ಅಂತ ಹೇಳ್ತೀನಿ."

"ಅದಕ್ಕೇ ಗಾಳಿಯ ಕೆಳಗೆ ಮನೆ ಕಟ್ಟಿಲ್ಲ ನಾನು," ಎನ್ನುತ್ತಾರೆ ಮುತಾಂಬೊ.

ದಿನಕ್ಕೆ ಇಪ್ಪತ್ತು, ಇಪ್ಪತ್ತೆರಡು ಕಿಲೋಮೀಟರ್ ನಡಿಗೆ. ಕಾರಿನ ಟೈರು ಕತ್ತರಿಸಿ ಮಾಡಿದ ಚಪ್ಪಲಿ, ವರ್ಷಕ್ಕೆ ಎರಡು ಜೊತೆ. ಹೊರಡುವ ಮುಂಚೆ ಒಂದು ಬಟ್ಟಲು ಹುಳಿಹಾಲು, ಜೋಳದ ಗಂಜಿ. ಮರಳಿದ ಮೇಲೆ ಆರು ಚಮಚ ಸಕ್ಕರೆ ಹಾಕಿದ ಕಪ್ಪು ಚಹಾ. ಹನ್ನೊಂದು ವರ್ಷದ ಹಿಂದೆ ಮಂಡಲದ ಹಾವು ಕಚ್ಚಿ ಎಡಗಾಲಿನ ಎರಡು ಬೆರಳು ಹೋದವು. ಅಂದಿನಿಂದ ಆ ಕಾಲು ಸ್ವಲ್ಪ ಎಳೆಯುತ್ತದೆ. ಮುತಾಂಬೊ ಎಲ್ಲಿ ಹೋದರು ಎಂದು ಊರಲ್ಲಿ ಯಾರೂ ಕೇಳುವುದಿಲ್ಲ, ನೆಲ ನೋಡುತ್ತಾರೆ.

ಕಂಡದ್ದನ್ನೆಲ್ಲ ಅವರು ಹಳದಿ ಹೊದಿಕೆಯ ಪುಸ್ತಕದಲ್ಲಿ ಬರೆಯುತ್ತಾರೆ. ಎಷ್ಟು ತಾಯಿ, ಎಷ್ಟು ಮರಿ, ಯಾವ ನೀರಿನ ಗುಂಡಿ ಬತ್ತಿತು, ಸಿಂಹ ಯಾರ ಕತ್ತೆ ಒಯ್ದಿತು. ಆದರೆ ನೆಲ ಆರಿಸುವಾಗ ಮೊದಲು ಎಣಿಸುವುದು ಪ್ರಾಣಿಗಳನ್ನಲ್ಲ.

"ಬಾಗಿಲು ಎಣಿಸ್ತೀನಿ," ಎನ್ನುತ್ತಾರೆ. "ಪ್ರಾಣಿ ನಿಂತಿರೋ ಜಾಗದಿಂದ ಎಷ್ಟು ಕಡೆಗೆ ಓಡಬಹುದು? ಗುಡ್ಡದ ಸಂದಿ ಒಂದು ಬಾಗಿಲು, ಒಣಹೊಳೆ ಒಂದು ಬಾಗಿಲು. ಒಂದೇ ಬಾಗಿಲಿದ್ರೆ ಅದು ಕಾಡಲ್ಲ, ದೊಡ್ಡಿ. ದೊಡ್ಡೀಲಿ ಹೊಡೆಯೋಕೆ ಬಂದೂಕು ಯಾಕೆ, ಚೂರಿ ಸಾಕು."

ಈ ಬಾಗಿಲ ಲೆಕ್ಕವೇ ಈ ಸಲದ ಅತಿಥಿಯನ್ನು ಇಲ್ಲಿಗೆ ಕರೆತಂದಿತು. ಅವನು ಸೇತುವೆ ಕಟ್ಟುವ ಕೆಲಸದಿಂದ ನಿವೃತ್ತನಾದವನು. ವರ್ಷವಿಡೀ ಭೂಪಟ ಹರಡಿಕೊಂಡು ಕೂತಿದ್ದನಂತೆ. ದಕ್ಷಿಣಕ್ಕೆ ಎತ್ತರದ ತಂತಿ ಬೇಲಿ ಹಾಕಿ ಬೇಟೆಗೆಂದೇ ಬಿಟ್ಟ ದೊಡ್ಡ ಹೊಲಗಳಿದ್ದವು. ಅಲ್ಲಿ ಮೊದಲ ದಿನವೇ ಪ್ರಾಣಿ ಸಿಗುತ್ತದೆಂದು ಬರೆದುಕೊಡುತ್ತಾರೆ. ಪೂರ್ವಕ್ಕೆ ಆಪುಹುಲ್ಲು ಬೆಳೆದ ನದಿಯ ನಾಡಿತ್ತು. ಅಲ್ಲಿ ಹಿಂಡು ಹಿಂಡು. ಅವನು ಎಲ್ಲರಿಗೂ ಒಂದೇ ಪ್ರಶ್ನೆ ಬರೆದಿದ್ದ: ಪ್ರಾಣಿಗೆ ನನ್ನ ಸಹವಾಸ ಬೇಡವೆನಿಸಿದರೆ ಅದು ಹೊರಟುಹೋಗಬಹುದೇ? ಹೈನ್ ಆ ಪ್ರಶ್ನೆಯನ್ನು ಮುತಾಂಬೊಗೆ ಓದಿ ಹೇಳಿದ. ಮುತಾಂಬೊ ನೀರಿನ ಚೀಲ ಹೆಗಲಿಗೇರಿಸಿ ಹೊರಟರು. ನಾಲ್ಕನೆಯ ದಿನ ಮರಳಿ, "ಬಿಳಿಕಲ್ಲು ಬಯಲು, ಒಂಬತ್ತು ಬಾಗಿಲು ಅಂತ ಬರಿ," ಎಂದರು. ಅತಿಥಿ ಬಂದದ್ದು ಆ ಒಂದು ಸಾಲು ಓದಿ.

ಅತಿಥಿ ಒಪ್ಪಿದ. ಊರು ಒಪ್ಪಲಿಲ್ಲ.

ಅದಕ್ಕೆ ಕಾರಣ ಹೋದ ವರ್ಷದ ತಪ್ಪು. ಸಂಘದ ಕಚೇರಿಯ ಗೋಡೆಯಲ್ಲಿ ಒಂದು ಮೊಳೆಗೆ ಒಂದು ದವಡೆ ಎಲುಬು ತೂಗುತ್ತಿದೆ. ಹೋದ ವರ್ಷ ಮುತಾಂಬೊ ಜೇನುಗುಡ್ಡವನ್ನು ಆರಿಸಿದ್ದರು. ಅಲ್ಲಿ ಕಂಡ ಒಂದು ಗಂಡಿನ ಕೊಂಬಿನ ತುದಿ ಮೊಂಡಾಗಿತ್ತು, ಸವೆದು ಹೊಳೆಯುತ್ತಿತ್ತು. ಮುದಿಯೆಂದು ತಲೆಯಾಡಿಸಿದರು. ದವಡೆ ಬೇಯಿಸಿ ತೊಳೆದಾಗ ಹಲ್ಲು ಗರಗಸದ ಹಾಗೆ ಚೂಪಾಗಿದ್ದವು. ಐದೋ ಆರೋ ವರ್ಷದ್ದು, ತುಂಬು ಪ್ರಾಯದ್ದು.

"ನಾವು ದನ ಕಾಯೋ ಜನ," ಎನ್ನುತ್ತಾರೆ ಮುತಾಂಬೊ. ಈ ಮಾತನ್ನು ಅವರು ನಿಧಾನವಾಗಿ ಆಡುತ್ತಾರೆ. "ಕೊಂಬು ನೋಡಿ ಆಕಳ ವಯಸ್ಸು ಹೇಳ್ತೀವಿ. ನಮ್ಮಪ್ಪ ದನದ ಬಾಯಿ ಬಿಡಿಸಿ ನೋಡಿದ್ದನ್ನ ನಾನು ಕಂಡೇ ಇಲ್ಲ. ಕೊಂಬೇ ಸಾಕು. ಅದೇ ಕಣ್ಣು ಇಟ್ಕೊಂಡು ಗುಡ್ಡಕ್ಕೆ ಹೋದೆ. ಗುಡ್ಡದ ಗಂಡು ಬೇರು ಕೀಳೋಕೆ ಕಲ್ಲು ಕೆದಕುತ್ತೆ. ಅದರ ಕೊಂಬು ಸವೆಸಿದ್ದು ಕಲ್ಲು, ವರ್ಷ ಅಲ್ಲ."

ಆ ಗಂಡು ಇಲ್ಲದೆ ಈ ವರ್ಷ ಜೇನುಗುಡ್ಡದಲ್ಲಿ ಹದಿನಾಲ್ಕು ತಾಯಿಗಳಿಗೆ ಐದೇ ಮರಿ. ಇದನ್ನು ಯಾರೂ ಗಮನಿಸಿರಲಿಲ್ಲ. ಹಳದಿ ಪುಸ್ತಕದಲ್ಲಿ ಬರೆದವರೂ ಅವರೇ, ಸಭೆಯಲ್ಲಿ ಓದಿದವರೂ ಅವರೇ.

ಆ ಸಭೆ ನಡೆದದ್ದು ಬೇಟೆಗೆ ಎರಡು ವಾರ ಮುಂಚೆ, ಕಚೇರಿ ಪಕ್ಕದ ಒಣಹೊಳೆಯ ದೊಡ್ಡ ಮರದ ಕೆಳಗೆ. ಹೊಳೆದಂಡೆ ಹಟ್ಟಿಯ ಹಿರಿಯ ಅಸ್ಸೇರ್ ಮೊದಲೇ ಬಂದು ಕುರ್ಚಿ ಹಿಡಿದಿದ್ದ. ಅವನ ತಂದೆಯ ಗೋರಿಯ ಹತ್ತಿರ ಈ ತಿಂಗಳು ಕುಲದವರೆಲ್ಲ ಸೇರುವವರಿದ್ದಾರೆ. ಇನ್ನೂರು ಜನಕ್ಕೆ ಉಣ್ಣಿಸಬೇಕು. ಬೇಟೆ ಹೊಳೆದಂಡೆಯಲ್ಲಾದರೆ ಮೊದಲ ಪಾಲು ಅವನದು. ಮತ್ತು ಹೊಳೆದಂಡೆಯಲ್ಲಿ ಕೂಡೂಗಳಿಗೆ ಬರವಿಲ್ಲ. ಒಂದು ಗಂಟೆ ಕೂತರೆ ಅರವತ್ತು ಕಾಣುತ್ತವೆ.

"ಭಾವ, ಅನ್ನ ತಟ್ಟೆಯಲ್ಲಿದೆ, ನೀನು ಬೆಟ್ಟದ ಕಡೆ ಕೈ ತೋರಿಸ್ತಾ ಇದ್ದೀಯ," ಎಂದ ಅಸ್ಸೇರ್. ಅತ್ತೆಯ ಮಗ, ಮಾವನ ಮಗ ಎಂದರೆ ಇಲ್ಲೂ ಬಾಯಿಗೆ ಲಗಾಮಿಲ್ಲ. "ಬಿಳಿಕಲ್ಲಿನಲ್ಲಿ ಇರೋದು ಮೂವತ್ತೇಳು ಕೂಡೂ, ಅದೂ ಒಂದು ದಿನದ ನಡಿಗೇಲಿ ಚೆಲ್ಲಿ ಹೋಗಿವೆ. ಹತ್ತು ದಿನ ಮರಳು ಎಣಿಸಿ ಬರ್ತೀಯ."

"ನಿನ್ನ ಹೊಳೆದಂಡೆಗೆ ಬಾಗಿಲು ಎಷ್ಟು?"

"ಶುರುವಾಯ್ತು ಇವನ ಬಾಗಿಲು! ನೀನು ಬಡಗಿ ಆಗಬೇಕಿತ್ತು."

"ಒಂದು," ಎಂದರು ಮುತಾಂಬೊ. "ಈ ಕಡೆ ಬಂಡೆ, ಆ ಕಡೆ ನಿಮ್ಮ ತೋಟದ ಬೇಲಿ, ಕೆಳಗೆ ರಸ್ತೆ. ನಿಮ್ಮ ಕೊಳಾಯಿ ಸೋರುತ್ತೆ, ಕೂಡೂಗಳು ಅಲ್ಲೇ ಬಂದು ಕುಡೀತವೆ. ನಿನ್ನ ಮೊಮ್ಮಗಳು ಬಟ್ಟೆ ಹಿಂಡೋವಾಗ ಪಕ್ಕದಲ್ಲೇ ನಿಂತಿರ್ತವೆ. ಕಿವಿ ಕೂಡ ಎತ್ತಲ್ಲ. ಅದನ್ನ ಹೊಡೆದರೆ, ಅತಿಥಿ ಕೇಳಿದ ಪ್ರಶ್ನೆಗೆ ನಾವು ಸುಳ್ಳು ಹೇಳಿದ ಹಾಗೆ."

"ಮುದಿ ಯಾವುದು, ಪ್ರಾಯದ್ದು ಯಾವುದು ಅಂತ ಗೊತ್ತಾಗದೋನು ನಮಗೆ ಸತ್ಯ ಹೇಳಿಕೊಡ್ತಾನೆ!"

ಜನ ನಕ್ಕರು. ಮುತಾಂಬೊ ಎದ್ದು ಕಚೇರಿಯೊಳಗೆ ಹೋದರು. ಹೊರಟೇಹೋದರೆಂದು ಕೆಲವರು ಅಂದುಕೊಂಡರು. ಅವರು ಮೊಳೆಯಿಂದ ಆ ದವಡೆಯನ್ನು ತೆಗೆದು ತಂದು ಎಲ್ಲರ ನಡುವೆ ನೆಲದ ಮೇಲಿಟ್ಟರು. ಹಲ್ಲಿನ ಮೇಲೆ ಬೆರಳಾಡಿಸಿ ತೋರಿಸಿದರು. ತಪ್ಪು ಹೇಗಾಯಿತೆಂದು ಹೇಳಿದರು. ಜೇನುಗುಡ್ಡ ಮೂರು ವರ್ಷ ಬೇಟೆಯಿಲ್ಲದೆ ಮಲಗಲಿ ಎಂದರು. ಆಮೇಲೆ, "ಬಿಳಿಕಲ್ಲು ಬಯಲು," ಎಂದು ಹೇಳಿ ಕೂತರು.

ಸಂಘದ ಅಧ್ಯಕ್ಷೆ ಹೆರ್ತಾ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವಳು ಕೇಳಿದಳು: "ದೊಡ್ಡಪ್ಪ, ಈ ಸಲವೂ ತಪ್ಪಾದ್ರೆ?"

"ಕೋಲು ಅಸ್ಸೇರನಿಗೆ."

"ಬರಿಗೈಲಿ ಬಂದ್ರೂ?" ಅಸ್ಸೇರ್ ಕೇಳಿದ.

"ಬರಿಗೈಲಿ ಬಂದ್ರೂ."

ಹೀಗೆ ಶುರುವಾದ ಬೇಟೆ ಇದು. ಮೊದಲ ನಾಲ್ಕು ದಿನ ಅವರಿಗೆ ಕಂಡದ್ದು ತಾಯಿ, ಮರಿಗಳು ಮಾತ್ರ. ಐದನೆಯ ದಿನ ಮಧ್ಯಾಹ್ನ ಒಂದು ಗಂಡು ಸಿಕ್ಕಿತು. ಕೊಂಬು ಎರಡೂವರೆ ಸುತ್ತು, ತುದಿ ಸವೆದಿತ್ತು. ಹೈನ್ ಹೌದೆಂದ. ಅತಿಥಿ ಬಂದೂಕು ಎತ್ತಿದ. ಮುತಾಂಬೊ ಕೋಲನ್ನು ಅಡ್ಡ ಹಿಡಿದರು.

"ಇದಕ್ಕಿಂತ ಮುದಿ ಬೇಕಾ ನಿನಗೆ?" ಹೈನ್ ಕೇಳಿದ.

"ಕೊಂಬು ನೋಡಬೇಡ. ಕಾಲು ನೋಡು. ಹಿಂದಿನ ಹೆಜ್ಜೆ ಸರಿಯಾಗಿ ಮುಂದಿನ ಹೆಜ್ಜೆ ಮೇಲೇ ಬೀಳ್ತಾ ಇದೆ. ಸೊಂಟ ಗಟ್ಟಿಯಾಗಿದೆ. ಇನ್ನೂ ಮೂರು ಚಳಿಗಾಲ ತಾಯಿಗಳ ಜೊತೆ ಓಡುತ್ತೆ ಇದು."

ಗಂಡು ತಲೆಯೆತ್ತಿ, ಒಂಬತ್ತರಲ್ಲಿ ಒಂದು ಬಾಗಿಲನ್ನು ಹಿಡಿದು ಹೋಯಿತು. ಆ ಸಂಜೆಯೇ ಸುದ್ದಿ ಹೊಳೆದಂಡೆಗೂ ಮುಟ್ಟಿತು. ಮರುದಿನ ನೀರು ತಂದ ಗಾಡಿಯವನ ಕೈಲಿ ಅಸ್ಸೇರ್ ಹೇಳಿಕಳಿಸಿದ್ದ: ಕೋಲಿನ ಹಿಡಿಗೆ ಎಣ್ಣೆ ಹಚ್ಚಿಡು ಭಾವ, ನನ್ನ ಕೈ ಒರಟು.

ಎಂಟನೆಯ ದಿನದ ಬೆಳಗಿಗೆ ಮರಳೋಣ. ಸೂರ್ಯ ಹುಟ್ಟಿದ್ದಾನೆ. ಮುತಾಂಬೊ ಗೊರಸಿನ ಸಾಲು ಹಿಡಿದು ಮುಂದೆ ಹೋಗುತ್ತಾರೆ. ಇಲ್ಲಿ ಹಿಂದಿನ ಹೆಜ್ಜೆ ಮುಂದಿನದನ್ನು ಮುಟ್ಟುತ್ತಿಲ್ಲ. ನಾಲ್ಕು ಬೆರಳು ಹಿಂದೆಯೇ ಬೀಳುತ್ತಿದೆ. ಗೊರಸಿನ ತುದಿ ಉರುಟಾಗಿದೆ. ಒಂದು ಮೊಪಾನೆ ಪೊದೆಯ ಬುಡದಲ್ಲಿ ಹಿಕ್ಕೆ ಬಿದ್ದಿದೆ. ಅವರು ಒಂದನ್ನು ಎತ್ತಿ ಕಲ್ಲಿನ ಮೇಲಿಟ್ಟು ಒಡೆಯುತ್ತಾರೆ, ಕಡ್ಡಿಯಿಂದ ಬಿಡಿಸುತ್ತಾರೆ. ಒಳಗೆ ತೊಗಟೆಯ ಚೂರುಗಳಿವೆ. ಸಣ್ಣ ಟೊಂಗೆಯ ತುಂಡುಗಳು ಉಗುರಿನಷ್ಟು ಉದ್ದ, ಹಾಗೇ ಇಡಿಯಾಗಿವೆ.

ಅತಿಥಿ ಕುತೂಹಲ ತಡೆಯಲಾರದೆ ಹತ್ತಿರ ಬರುತ್ತಾನೆ. ಮುತಾಂಬೊ ಅಂಗೈ ಮುಂದೆ ಹಿಡಿಯುತ್ತಾರೆ. ಹೈನ್ ಅವರ ಮಾತನ್ನು ಅವನ ಭಾಷೆಗೆ ತಿರುಗಿಸುತ್ತಾನೆ.

"ಪ್ರಾಯದ್ದಾದ್ರೆ ಇದು ಹಿಟ್ಟಿನ ಹಾಗೆ ಅರೆದಿರುತ್ತೆ. ಈ ಗಿರಾಕಿ ನುಂಗಿದ್ದಾನೆ, ಅಗಿದಿಲ್ಲ. ಅಗಿಯೋಕೆ ಆಗಿಲ್ಲ. ಹಲ್ಲು ಬಾಯಲ್ಲಷ್ಟೇ ಇರುತ್ತೆ ಅಂದುಕೊಂಡಿದ್ದೆ ನಾನೂ. ಇಲ್ಲೂ ಇರುತ್ತೆ."

ಇದು ಅವರು ಹೋದ ವರ್ಷದ ತಪ್ಪಿನ ನಂತರ ಕಲಿತದ್ದು. ಒಂದಿಡೀ ಚಳಿಗಾಲ ಅವರು ಹಿಕ್ಕೆ ಒಡೆಯುತ್ತ ತಿರುಗಿದ್ದರು. ತಲೆ ಕೆಟ್ಟಿತೆಂದು ಊರವರು ಮಾತಾಡಿಕೊಂಡರು. ಕಿಸೆಯಲ್ಲಿ ಹಿಕ್ಕೆ ತಂದು ಕಿಟಕಿಯ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದನ್ನು ನೋಡಿ ಆಲ್ವಿನೆ, "ಮಾಂಸ ತಿನ್ನಬಾರದು, ಇದನ್ನ ಪೂಜಿಸಬಹುದು, ಅಲ್ಲವಾ?" ಎಂದಿದ್ದಳಂತೆ.

ಅವರು ನಡೆಯುತ್ತಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ತಿರುಗುತ್ತದೆ. ಮೂವರೂ ಒಂದು ಸುತ್ತು ಬಳಸಿ, ಬಿಸಿ ಕಲ್ಲಿನ ಮೇಲೆ ಅಂಗೈಯೂರಿ ಏರುತ್ತಾರೆ. ದಿಣ್ಣೆಯ ಆಚೆ, ಒಂಟಿ ಮರದ ನೆರಳಿನಲ್ಲಿ, ಅದು ಒಬ್ಬಂಟಿಯಾಗಿ ನಿಂತಿದೆ. ಕತ್ತಿನ ಕೂದಲು ಉದುರಿದೆ, ಹೊಟ್ಟೆ ಜೋತಿದೆ. ಕೊಂಬಿನ ತುದಿಗಳು ಮಾತ್ರ ನೀಟಾಗಿವೆ, ಹರೆಯದ ಗಂಡಿನ ಹಾಗೆ ಚೂಪಾಗಿವೆ. ಇದು ತೊಗಟೆ ತಿಂದು ಬದುಕಿದ ಗಂಡು, ಬೇರಿಗಾಗಿ ಕಲ್ಲು ಕೆದಕಿದ್ದಲ್ಲ.

ಹೈನ್ ಅವರ ಮುಖ ನೋಡುತ್ತಾನೆ. "ಕೊಂಬು ಎಳೇದಲ್ವಾ?" ಅವನ ದನಿ ಕೇಳಿಸುವುದೇ ಇಲ್ಲ.

ಮುತಾಂಬೊ ಅದರ ಕಾಲನ್ನೇ ನೋಡುತ್ತಾರೆ. ಹೋದ ವರ್ಷ ಅವರು ಬಲು ಬೇಗ ತಲೆಯಾಡಿಸಿದ್ದರು. ಈಗ ಅದು ಹೆಜ್ಜೆಯಿಡುವವರೆಗೆ ಕಾಯುತ್ತಾರೆ. ಬಹಳ ಹೊತ್ತು. ಕೊನೆಗೆ ಅದು ನೆರಳಿನ ಜೊತೆಗೆ ಎರಡು ಹೆಜ್ಜೆ ಸರಿಯುತ್ತದೆ. ಹಿಂಗಾಲು ಮುಂಗಾಲನ್ನು ಮುಟ್ಟುವುದಿಲ್ಲ.

ಅವರು ತಲೆಯಾಡಿಸುತ್ತಾರೆ. ಆಮೇಲೆ ಬೆನ್ನು ತಿರುಗಿಸಿ ಕೂತು, ಬಂದ ದಾರಿಯನ್ನು ನೋಡುತ್ತಾರೆ.

"ನಮ್ಮ ಬೆಡಗಿನ ಹೆಸರು ಅದು," ಎನ್ನುತ್ತಾರೆ, ಏಕೆ ನೋಡುವುದಿಲ್ಲವೆಂದು ಕೇಳಿದರೆ. "ಹೆಸರು ಬೀಳೋದನ್ನ ನೋಡಬಾರದು."

ಗುಂಡು ಒಂದೇ ಸಲ ಹಾರುತ್ತದೆ.

ಬಾಯಿ ಬಿಡಿಸಿ ನೋಡೋಣವೆಂದು ಹೈನ್ ಕರೆದರೂ ಅವರು ಹೋಗುವುದಿಲ್ಲ. ಮಾಂಸ ಮುಟ್ಟುವಂತಿಲ್ಲ, ಎಲುಬು ಮುಟ್ಟಬಹುದು. ದವಡೆ ಬೆಂದು, ಬೆಳ್ಳಗಾಗಿ, ಮಾಂಸದ ಕೊನೆಯ ಎಳೆ ಬಿಡುವವರೆಗೂ ಕಾಯಬೇಕು. "ಮುದಿಯೇ, ಮಾರಾಯ, ಖಂಡಿತ ಮುದಿ," ಎಂದು ಹೈನ್ ಮೂರು ಸಲ ಹೇಳುತ್ತಾನೆ. "ಹೋದ ವರ್ಷವೂ ಹಾಗೇ ಅಂದಿದ್ದೆ ನೀನು," ಎನ್ನುತ್ತಾರೆ ಮುತಾಂಬೊ. ಆ ರಾತ್ರಿ ಅವರು ಚಹಾ ಕುಡಿಯಲಿಲ್ಲವೆಂದು ಆಲ್ವಿನೆ ಆಮೇಲೆ ಹೇಳಿದಳು.

ಬಿಳಿಕಲ್ಲು ಬಯಲಿನಲ್ಲಿ ಯಾರ ಹಟ್ಟಿಯೂ ಇಲ್ಲ. ಹಾಗಾಗಿ ಮೊದಲ ಪಾಲು ಯಾರಿಗೂ ಇಲ್ಲ. ಏಳು ಪಾಲೂ ಸಮ. ಮರುದಿನ ಬೆಳಿಗ್ಗೆ ಕಚೇರಿಯ ಮುಂದೆ ಕತ್ತೆಗಾಡಿಗಳು ಸಾಲಾಗಿ ನಿಂತಿವೆ. ಹೆರ್ತಾ ತಕ್ಕಡಿಯ ಹತ್ತಿರ ಇದ್ದಾಳೆ. ತನ್ನ ಹಟ್ಟಿಯ ಪಾಲು ಒಯ್ಯಲು ಅಸ್ಸೇರನೂ ಬಂದಿದ್ದಾನೆ. ಮುತಾಂಬೊ ಗಾಳಿಯ ಮೇಲುಗಡೆ, ದೂರದಲ್ಲಿ, ಕಲ್ಲಿನ ಮೇಲೆ ಕೂತಿದ್ದಾರೆ.

ಹೈನ್ ಬಕೆಟ್ಟಿನಲ್ಲಿ ದವಡೆಯನ್ನು ತಂದು ಅವರ ಮುಂದೆ ಇಡುತ್ತಾನೆ. ತೂಗುತ್ತಿದ್ದವರು ತೂಗುವುದನ್ನು ನಿಲ್ಲಿಸುತ್ತಾರೆ. ಮುತಾಂಬೊ ಎಲುಬನ್ನು ಎತ್ತಿ ಹೆಬ್ಬೆರಳನ್ನು ಹಲ್ಲಿನ ಸಾಲಿನ ಮೇಲೆ ಎಳೆಯುತ್ತಾರೆ, ಒಂದು ತುದಿಯಿಂದ ಇನ್ನೊಂದಕ್ಕೆ. ಬೆರಳು ಎಲ್ಲೂ ತಡೆಯುವುದಿಲ್ಲ. ಹಲ್ಲು ಬೀಸುವ ಕಲ್ಲಿನ ಹಾಗೆ ಸಪಾಟಾಗಿವೆ. ಎರಡು ಬೇರಿನವರೆಗೂ ಸವೆದಿವೆ.

ಅವರು ದವಡೆಯನ್ನು ಅಸ್ಸೇರನ ಕಡೆ ಚಾಚುತ್ತಾರೆ. ಅಸ್ಸೇರ್ ಬೆರಳಾಡಿಸಿ ನೋಡುತ್ತಾನೆ. ಇನ್ನೊಮ್ಮೆ ನೋಡುತ್ತಾನೆ.

"ಇಂಥ ಹಲ್ಲು ಇಟ್ಕೊಂಡು ಬದುಕಿದ್ದೇ ಹೆಚ್ಚು," ಎನ್ನುತ್ತಾನೆ ಕೊನೆಗೆ. "ಇದರ ಬಾಡು ಬೇಯೋಕೆ ಎರಡು ದಿನ ಬೇಕು. ನನ್ನ ನೆಂಟರಿಗೆ ಹಲ್ಲಿಲ್ಲ ಭಾವ, ಅದಾದ್ರೂ ಯೋಚನೆ ಮಾಡಬಾರದಿತ್ತಾ?"

"ಸೂಪು ಮಾಡು."

"ನಿನ್ನ ಎಡಗಾಲೂ ಹಿಂದೇ ಬೀಳುತ್ತೆ. ನಿನ್ನ ಲೆಕ್ಕದಲ್ಲೇ ಮುಂದಿನ ವರ್ಷ ನಿನ್ನನ್ನ ಹೊಡೀಬೇಕು."

"ನನ್ನ ಹಿಕ್ಕೆ ಒಡೆದು ನೋಡಿ ತೀರ್ಮಾನ ಮಾಡು."

ಹೆರ್ತಾ ತಕ್ಕಡಿ ಬಿಟ್ಟು ನಗುತ್ತಾಳೆ. ನಗು ಗಾಡಿಯಿಂದ ಗಾಡಿಗೆ ಹರಡುತ್ತದೆ. ಕೋಲಿನ ಮಾತನ್ನು ಯಾರೂ ಎತ್ತುವುದಿಲ್ಲ. ಅದು ಮುತಾಂಬೊ ಅವರ ತೊಡೆಯ ಮೇಲೆ ಅಡ್ಡಲಾಗಿದೆ.

ಆಮೇಲೆ ಅವರು ಕಚೇರಿಯೊಳಗೆ ಹೋಗಿ ಗೋಡೆಗೆ ಇನ್ನೊಂದು ಮೊಳೆ ಹೊಡೆಯುತ್ತಾರೆ. ಹಿಂದೆಯೇ ಬಂದ ಅಸ್ಸೇರ್ ಹೋದ ವರ್ಷದ ದವಡೆಗೆ ಕೈಹಾಕುತ್ತಾನೆ. "ಇನ್ನು ಇದನ್ನ ತೆಗೆದು ಬಿಸಾಕು. ನೋಡೋಕೆ ನನಗೇ ನಾಚಿಕೆ ಆಗುತ್ತೆ."

"ಅಲ್ಲೇ ಇರಲಿ. ನಾಳೆ ಈ ಕೋಲು ಹಿಡಿಯೋರು ಎರಡಕ್ಕೂ ಬೆರಳು ಹಾಕಿ ನೋಡಬೇಕಲ್ಲ."

ಎರಡು ದವಡೆ ಈಗ ಅಕ್ಕಪಕ್ಕ ತೂಗುತ್ತಿವೆ. ಅತಿಥಿ ಮರಳಿ ಹೋಗುವ ಮುಂಚೆ ಅವರಿಗೊಂದು ಉಡುಗೊರೆ ಕೊಡಬೇಕೆಂದಿದ್ದನಂತೆ, ಏನು ಬೇಕೆಂದು ಹೈನ್ ಮೂಲಕ ಕೇಳಿಸಿದ. ದೂರದರ್ಶಕವೋ ಒಳ್ಳೆಯ ಬೂಟುಗಳೋ ಕೇಳಬಹುದೆಂದು ಹೈನ್ ಅಂದುಕೊಂಡಿದ್ದ. ಮುತಾಂಬೊ ಒಂದು ಪೆನ್ಸಿಲ್ ಕೇಳಿದರು. ಹಳೆಯದು ಹೆಬ್ಬೆರಳಿನಷ್ಟು ಉಳಿದಿತ್ತು.

ಇವತ್ತು ನಸುಕಿನಲ್ಲೇ ಎದ್ದು ಅವರು ಹಳದಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾರೆ. ಹುಳಿಹಾಲು ಕುಡಿದಾಗಿದೆ. ಎಲ್ಲಿಗೆ ಎಂದು ಕೇಳಿದರೆ ಮುಖವೆತ್ತದೆ ಹೇಳುತ್ತಾರೆ: "ಜೇನುಗುಡ್ಡಕ್ಕೆ. ಅಲ್ಲಿ ತಾಯಿಗಳು ಹದಿನಾಲ್ಕು, ಮರಿ ಐದು ಅಂತ ನನ್ನ ಕೈಲೇ ಬರೆದಿದ್ದೀನಿ. ಅದರ ಕೆಳಗೆ ಮರಿ ಹತ್ತು ಅಂತ ಬರೆಯೋವರೆಗೆ ಕಾಲು ನಡೆದರೆ ಸಾಕು."